ಕೊನೆಯ ಎರಡು ಸಾಲು

"ಆ ಕೊನೇ ಎರಡು ಲೈನ್ ತೆಗೆದುಬಿಡಿ, ಈರೇಶ್," ಎಂದರು ಮ್ಯಾನೇಜರ್ ಪದ್ಮನಾಭ, ಅವನ ಬೆನ್ನ ಹಿಂದೆ ನಿಂತು.

ಪರದೆಯ ಮೇಲೆ ಕಾರೆತ್ತುವ ಲಿಫ್ಟನ್ನು ನಡೆಸುವ ಕಂಪ್ಯೂಟರಿನ ಕರ್ನಲ್, ಅಂದರೆ ಒಳತಿರುಳಿನ, ಸೆಟ್ಟಿಂಗುಗಳಿದ್ದವು. ಒಂದೊಂದರ ಕೆಳಗೂ ಅದೇನು ಮಾಡುತ್ತದೆಂದು ಬರೆಯುವುದು ಈರೇಶನ ಕೆಲಸ. ಈಗ ಬರೆಯುತ್ತಿದ್ದ ಸೆಟ್ಟಿಂಗು ಆನ್ ಇದ್ದರೆ ಯಂತ್ರ ಶುರುವಾದಾಗಲೆಲ್ಲ ಬಸ್ ರೀಸೆಟ್ ಆಗುತ್ತದೆ. ಅಂದರೆ ಒಂದೇ ತಂತಿಗೆ ಸೇರಿದ ಮೋಟರು, ಸೆನ್ಸರು, ಬ್ರೇಕು ಎಲ್ಲವೂ ಹಿಡಿದದ್ದನ್ನು ಬಿಟ್ಟು ಹೊಸದಾಗಿ ಏಳುತ್ತವೆ. ಅದಕ್ಕೇ ಅವನು ಕೊನೆಗೆ ಬರೆದಿದ್ದ: ಇದು ಆನ್ ಇದ್ದಾಗ ಲಿಫ್ಟಿನ ಕೆಳಗಿದ್ದು ಯಂತ್ರ ಶುರು ಮಾಡಬೇಡಿ. ಸಂದೇಹವಿದ್ದರೆ ಆಫ್ ಇಡಿ.

"ಸರ, ಕೆಳಗ ಮಂದಿ ಇದ್ರ?"

"ಇರ್ಬಾರ್ದು ಅಂತ ಮ್ಯಾನುಯಲ್‌ನಲ್ಲೇ ಇದೆಯಲ್ಲಪ್ಪ. ರೀಸೆಟ್ ಇಲ್ದಿದ್ರೆ ಸೆನ್ಸರ್ ಹ್ಯಾಂಗ್ ಆಗತ್ತೆ. ಇದನ್ನ ಓದಿದ್ರೆ ವಾರೆನ್ ಊರಿನ ಗ್ಯಾರೇಜಿನೋರು ಆರ್ಡರ್ ಕ್ಯಾನ್ಸಲ್ ಮಾಡ್ತಾರೆ. ಆಮೇಲೆ ನೀವೂ ಇಲ್ಲ, ನಾನೂ ಇಲ್ಲ."

ಸುಳ್ಳೇನಲ್ಲ. ರಿಸೆಷನ್ ಶುರುವಾದ ಮೇಲೆ ವಿಕ್ಸಮ್ ಎಂಬ ಊರಿನ ಆ ಆಫೀಸಿನಲ್ಲಿ ಕುರ್ಚಿಗಳು ಒಂದೊಂದಾಗಿ ಖಾಲಿಯಾಗಿದ್ದವು. ಕೆಲಸ ಹೋದರೆ ವೀಸಾವೂ ಹೋದಂತೆ. ಸಾಲದ್ದಕ್ಕೆ, ಈ ದೇಶಕ್ಕೆ ಬಂದ ಹೊಸದರಲ್ಲಿ ಈರೇಶ ತಿಂಗಳುಗಟ್ಟಲೆ ಉಂಡದ್ದು ಪದ್ಮನಾಭರ ಮನೆಯಲ್ಲೇ. ಉಂಡ ಮನೆಗೆ ಎರಡು ಬಗೆಯಬಾರದೆಂದು ಅವ್ವ ಹೇಳಿ ಬೆಳೆಸಿದ್ದಳು. ಬ್ರೇಕು ಬಿಟ್ಟು ಲಿಫ್ಟು ಇಳಿದರೂ ನಾಲ್ಕು ಬೆರಳು ಇಳಿದೀತು ಎಂದುಕೊಂಡ. ಬೇಕೆಂದಾಗ ಸಮಾಧಾನಕ್ಕೇನು ಬರ? ಎರಡೂ ಸಾಲು ಅಳಿಸಿದ.

ಮಧ್ಯಾಹ್ನ ಕಲ್ಲಿನಾಥ ಲಿಫ್ಟನ್ನು ಇನ್‌ಸ್ಟಾಲ್ ಮಾಡಲು ವಾರೆನ್‌ಗೆ ಹೊರಟ. ಧಾರವಾಡದಲ್ಲಿ ಈರೇಶನ ಕ್ಲಾಸ್‌ಮೇಟು, ಇಲ್ಲಿ ರೂಮ್‌ಮೇಟು.

"ಮ್ಯಾನುಯಲ್ ಯಾವಾಂವ ಓದ್ತಾನಪಾ? ನೀ ಬರದದ್ದಷ್ಟ ಓದತೀನಿ ನಾ," ಎಂದು ನಕ್ಕ. "ಹ್ಯಾಂಗ್ ಆತಂದ್ರ ಲಿಫ್ಟ್ ಕೆಳಗ ಕುಂತು ಲ್ಯಾಪ್‌ಟಾಪಿನಿಂದನ ರೀಸ್ಟಾರ್ಟ್ ಮಾಡಿಬಿಡತೀನಿ."

ಪದ್ಮನಾಭ ಬಾಗಿಲಲ್ಲೇ ನಿಂತಿದ್ದರು. ಈರೇಶ ಅವರತ್ತ ನೋಡಿದ.

"ಹುಷಾರಿಂದ ಡ್ರೈವ್ ಮಾಡು. ರಸ್ತಾ ಜಾರ್ತದ," ಎಂದಷ್ಟೇ ಹೇಳಿದ.

ಆಮೇಲೆ ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಕಲ್ಲಿನಾಥ ಈಗ ವಾರೆನ್ ಮುಟ್ಟಿರಬೇಕು ಎನಿಸಿದಾಗ ಕೀಬೋರ್ಡನ್ನು ಪಕ್ಕಕ್ಕೆ ಸರಿಸಿದ. ಎದ್ದು ಲ್ಯಾಬಿಗೆ ಹೋದ. ಅಲ್ಲಿದ್ದ ಅದೇ ಮಾದರಿಯ ಲಿಫ್ಟಿನ ಕಬ್ಬಿಣದ ತೋಳು ತಲೆಯೆತ್ತರಕ್ಕೆ ನಿಂತಿತ್ತು. ಕಲ್ಲಿನಾಥ ಬಿಟ್ಟುಹೋದ ಕೈಗವಸೊಂದು ಅದರ ಕೆಳಗೆ ನೆಲದ ಮೇಲೆ ಬಿದ್ದಿತ್ತು. ಈರೇಶ ಆ ಸೆಟ್ಟಿಂಗನ್ನು ಆನ್ ಇಟ್ಟು, ದೂರ ನಿಂತು ರೀಸ್ಟಾರ್ಟ್ ಮಾಡಿದ. ಬ್ರೇಕು ಟಕ್ಕೆಂದು ಬಿಟ್ಟಿತು. ತೋಳು ನಾಲ್ಕು ಬೆರಳಿಗೆ ನಿಲ್ಲಲಿಲ್ಲ, ಸೊಂಟದೆತ್ತರಕ್ಕೂ ನಿಲ್ಲಲಿಲ್ಲ. ನೆಲಕ್ಕೆ ಬಂದು ನಿಂತಿತು.

ಕೂಡಲೇ ಕಲ್ಲಿನಾಥನಿಗೆ ಫೋನು ಹಚ್ಚಿದ. ಆ ಕಡೆ ರಿಂಗಾಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ತನ್ನ ಫೋನನ್ನು ಕಿವಿಗೆ ಒತ್ತಿಕೊಂಡೇ ಈರೇಶ ಬಗ್ಗಿ, ತೋಳಿನಡಿಯಿಂದ ಹೊರಗೆ ಕಾಣುತ್ತಿದ್ದ ಕೈಗವಸಿನ ಬೆರಳು ಹಿಡಿದು ಎಳೆದ. ಅದು ಬರಲಿಲ್ಲ.