ಅಕ್ಕಿ ಮೂಟೆ, ರಾಗಿ ಮೂಟೆ

ನಮ್ಮತ್ತೆ ಚಿಕ್ಕವೆಂಕಟಮ್ಮನವರ ಬಾಯಲ್ಲಿ ‘ಪಾಪ’ ಅನ್ನುವ ಮಾತು ಅಷ್ಟು ಸುಲಭಕ್ಕೆ ಬರುವುದಿಲ್ಲ. ನನಗೆ ಹೆರಿಗೆ ನೋವು ಬಂದಾಗಲೂ ಬರಲಿಲ್ಲ. “ಎಲ್ರೂ ಎತ್ತವ್ರೆ, ನೀನೂ ಎರ್ತೀಯ, ಸುಮ್ಕಿರು” ಎಂದಿದ್ದರು. ಆ ಮಾತನ್ನು ಅವರು ಇಡೀ ಪ್ರಪಂಚದಲ್ಲಿ ಒಬ್ಬರಿಗೋಸ್ಕರ ಎತ್ತಿಟ್ಟಿದ್ದರು. ಆಕೆ ಕೆ.ಜಿ.ಎಫ್‌ನ ಚಾಂಪಿಯನ್ ರೀಫ್‌ನಲ್ಲಿ, ಗಣಿ ಕೆಲಸದವರ ಸಾಲುಮನೆಗಳ ಲೈನಿನಲ್ಲಿರುವ ಕನ್ನಿಯಮ್ಮ.

ನಮ್ಮೂರಿಗೆ ಕ್ಯಾಸಂಬಳ್ಳಿ ಹತ್ತಿರ. ಕಾಮಸಮುದ್ರದ ಕಡೆಯಿಂದ ನಾನು ಈ ಮನೆಗೆ ಸೊಸೆಯಾಗಿ ಬಂದಾಗಿನಿಂದಲೂ ನೋಡುತ್ತಿದ್ದೇನೆ. ಸೋಮವಾರ, ಶುಕ್ರವಾರ ಅತ್ತೆ ನಸುಕಿನಲ್ಲೇ ಎದ್ದು ದಂಟು, ಮೆಂತ್ಯ, ಅರಿವೆ ಸೊಪ್ಪು ಕಿತ್ತು, ಕಂತೆ ಕಟ್ಟಿ, ಬಿದಿರಿನ ಮಂಕರಿ ತುಂಬಿಕೊಂಡು ಮೊದಲ ಬಸ್ಸಿಗೆ ಹೊರಟುಬಿಡುತ್ತಾರೆ. ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿನಲ್ಲಿ ಮುಕ್ಕಾಲು ಮಂಕರಿ ಖಾಲಿಯಾಗುತ್ತದೆ. ಉಳಿದದ್ದು, ಅದೂ ಎಲ್ಲಕ್ಕಿಂತ ಎಳೆಯದು, ಕನ್ನಿಯಮ್ಮನ ಬಾಗಿಲಿಗೆ. ಅಲ್ಲಿ ಮೆಟ್ಟಿಲ ಮೇಲೆ ಕೂತು ಇಬ್ಬರೂ ಹೊತ್ತು ನೆತ್ತಿಗೇರುವ ತನಕ ಮಾತಾಡುತ್ತಾರೆ. ಅತ್ತೆ ಮನೆಯಲ್ಲಿ ನಮ್ಮೊಂದಿಗೆ ಆಡುವ ಮಾತೆಲ್ಲ ಬೈಗುಳವೇ ಆದ್ದರಿಂದ, ನಗುವ ಮಾತುಗಳನ್ನು ಅಲ್ಲೇ ಆಡಿ ಮುಗಿಸಿ ಬರುತ್ತಾರೆ ಎಂದು ನಾನು ತಿಳಿದುಕೊಂಡಿದ್ದೆ.

ಈ ಎರಡು ಮನೆಯವರೂ ಈ ಮಣ್ಣಿನವರಲ್ಲ. ನನ್ನ ಮಾವ ಕದಿರಪ್ಪನವರ ತಾತ ಪಲಮನೇರು ಕಡೆಯಿಂದ ಜೋಡಿ ಎತ್ತು ಹೊಡೆದುಕೊಂಡು ಬಂದವರು. ಗಣಿಯಲ್ಲಿ ದುಡಿಯುವ ಅಷ್ಟೊಂದು ಜನ ದಿನಾ ಏನಾದರೂ ತಿನ್ನಲೇಬೇಕಲ್ಲ ಎಂದು ಯೋಚಿಸಿ ಗಣಿಯ ಹೊರಗೇ ನಿಂತು ತರಕಾರಿ ಬೆಳೆದರು. ಕನ್ನಿಯಮ್ಮನ ಗಂಡನ ತಾತ ಗುಡಿಯಾತ್ತಂ ಕಡೆಯಿಂದ ಬಂದು ಗಣಿಯ ಒಳಗೇ ಇಳಿದರು. ಒಂದು ಮನೆ ತೆಲುಗು, ಇನ್ನೊಂದು ತಮಿಳು. ಈಗ ಎರಡು ಮನೆಯಲ್ಲೂ ಮೂರು ಭಾಷೆ ಕಲಸಿ ಮಾತಾಡುತ್ತಾರೆ. ಬಂದವರಲ್ಲಿ ಯಾರು ಚೆನ್ನಾಗಿ ಬದುಕಿದರು ಎಂದು ಯಾರೂ ಬಾಯಿಬಿಟ್ಟು ಕೇಳಿದ್ದಿಲ್ಲ. ಆದರೆ ಉತ್ತರ ಮಾತ್ರ ಇಬ್ಬರ ಮನಸ್ಸಿನಲ್ಲೂ ಗಟ್ಟಿಯಾಗಿತ್ತು.

ನಮ್ಮ ಕಡೆಯವರು ಒಂದು ಮನೆಯ ಯೋಗ್ಯತೆಯನ್ನು ತಿಪ್ಪೆ ನೋಡಿ, ಹುಲ್ಲಿನ ಮೆದೆ ನೋಡಿ ಅಳೆಯುತ್ತಾರೆ. ಹೆಣ್ಣು ಕೊಡುವವರು ಮೊದಲು ಹೋಗಿ ನಿಲ್ಲುವುದು ತಿಪ್ಪೆಯ ಮುಂದೆಯೇ, ಆಮೇಲೆ ಹುಡುಗನ ಮುಖ ನೋಡುತ್ತಾರೆ. ಲೈನ್ ಮನೆಗೆ ತಿಪ್ಪೆ ಎಲ್ಲಿಂದ ಬರಬೇಕು? ಒಂದು ಕೋಣೆ, ಒಂದು ಅಡುಗೆಮನೆ, ಮೇಲೆ ಶೀಟು. ಗಣಿ ಮುಚ್ಚಿದ ಮೇಲಂತೂ ಅತ್ತೆಗೆ ಕನ್ನಿಯಮ್ಮನ ಮನೆಯಲ್ಲಿ ಒಲೆ ಉರಿಯುತ್ತಿರುವುದೇ ಅನುಮಾನ. “ಒಂದು ಕೋಳಿ ಮೇಯೋಕೂ ಜಾಗ ಇಲ್ಲ, ಪಾಪ. ಗಂಡನೂ ಸತ್ತೋದ. ಮಗ ಕಾಂತರಾಜು ಕೆಲ್ಸಕ್ಕೆ ಅಂತ ಕತ್ತಲಲ್ಲಿ ರೈಲತ್ತಿದ್ರೆ ಕತ್ತಲಲ್ಲೇ ಇಳೀತಾನೆ. ನಾನೊಬ್ಳು ಓಗಿಲ್ಲ ಅಂದ್ರೆ ಅವರ ಗತಿಯೇನು?” ಎನ್ನುತ್ತಿದ್ದರು.

ಈ ಮಾತು ಹುಟ್ಟಿದ್ದಕ್ಕೆ ಕಾರಣ ನನ್ನ ಗಂಡ ಸುಧಾಕರ್. ಅತ್ತೆಯ ಮೊಣಕಾಲು ಊದಿಕೊಂಡು ಬಸ್ಸಿನ ಮೆಟ್ಟಿಲು ಹತ್ತಲು ಕಂಡಕ್ಟರ್ ಕೈಹಿಡಿದು ಎಳೆಯಬೇಕಾಗಿತ್ತು. “ಕೊಟ್ಟಿಗೆ ತುಂಬ ಅಸಗಳವೆ, ಡೈರಿಗೆ ಆಲು ಓಗ್ತೈತೆ, ಟಮೋಟ ಐತೆ. ನೀನು ಸೊಪ್ಪು ಮಾರ್ಬೇಕಾ? ನೋಡಿದೋರು ನನ್ನ ಮಕಕ್ಕುಗೀತಾರೆ” ಎಂದು ಅವನು ಪ್ರತಿ ವಾರವೂ ಜಗಳ ತೆಗೆಯುತ್ತಿದ್ದ. ಅತ್ತೆಯ ಬಳಿ ಇದ್ದದ್ದು ಒಂದೇ ನೆಪ, ಕನ್ನಿಯಮ್ಮನ ಬಡತನ. ಆ ಬಡತನವೇನಾದರೂ ಸುಳ್ಳಾದರೆ ಅತ್ತೆ ಅವಳ ಮನೆ ಮೆಟ್ಟಿಲಿಗೆ ಹೋಗಲು ಬೇರೆ ದಾರಿ ಇರಲಿಲ್ಲ. ಇದು ನನಗೆ ಚೆನ್ನಾಗಿ ಗೊತ್ತಿತ್ತು, ಆದ್ದರಿಂದ ನಾನು ಬಾಯಿ ಹಾಕುತ್ತಿರಲಿಲ್ಲ.

ಈ ವರ್ಷ ಸಂಕ್ರಾಂತಿಗೆ ಮುಂಚೆ ಮೊಣಕಾಲು ಗೆದ್ದುಬಿಟ್ಟಿತು. ಕೆಲವು ವಾರ ಅತ್ತೆ ಮಂಚ ಬಿಟ್ಟು ಏಳಲಿಲ್ಲ. ಇಬ್ಬರೂ ಒಬ್ಬರಿಗೊಬ್ಬರು ಫೋನ್ ನಂಬರು ಕೊಟ್ಟುಕೊಂಡವರಲ್ಲ. ಸೋಮವಾರ ಶುಕ್ರವಾರ ಇದ್ದೇ ಇದೆಯಲ್ಲ, ನಂಬರು ಯಾಕೆ? ಅತ್ತೆಗೆ ಒಂದೇ ಚಿಂತೆ. ಕೊನೆಗೆ ಒಂದು ಭಾನುವಾರ ಬೆಳಿಗ್ಗೆ ಹೊಸ ರಾಗಿ ಒಂದು ಮೂಟೆ, ಅವರೆಕಾಯಿ ಒಂದು ಚೀಲ ಕಟ್ಟಿಸಿ, “ಅಬ್ಬದಲ್ಲಿ ಆ ಮನೇಲಿ ಒಟ್ಟೆಗಿಲ್ದೆ ಕೂತ್ಕೋಬಾರ್ದು. ಗಾಡಿ ಮೇಲಾಕ್ಕೊಂಡು ಓಗಿ ಕೊಟ್ಟು ಬಾ” ಎಂದು ಸುಧಾಕರ್‌ಗೆ ಹೇಳಿದರು. ಅವನು ಗೊಣಗುತ್ತಾ ಮೂಟೆಯನ್ನು ಜಗಲಿಗೆ ತಂದಿಟ್ಟ.

ಅಷ್ಟರಲ್ಲಿ ಮನೆ ಮುಂದೆ ಒಂದು ಆಟೊ ಬಂದು ನಿಂತಿತು. ಮುಂದಿನ ಸೀಟಿನಲ್ಲಿ ಡ್ರೈವರ್ ಕಾಲ ಬಳಿ ಒಂದು ಅಕ್ಕಿ ಮೂಟೆ. ಹಿಂದೆ ರೇಷ್ಮೆಯಂಚಿನ ಸೀರೆ ಉಟ್ಟ, ಕಿವಿಯಲ್ಲಿ ಕೆಂಪು ಕಲ್ಲಿನ ಓಲೆ ಹಾಕಿದ ಮುದುಕಿ, ಪಕ್ಕದಲ್ಲಿ ಸೊಸೆ. ಸೊಸೆಯ ಹೆಸರು ದಿವ್ಯ, ರಾಬರ್ಟ್‌ಸನ್‌ಪೇಟೆಯ ಒಂದು ಸ್ಕೂಲಿನಲ್ಲಿ ಟೀಚರ್ ಎಂದು ಆಮೇಲೆ ತಿಳಿಯಿತು. ಮುದುಕಿ ಇಳಿದವಳೇ ಕೂಗಿದಳು:

“ಅಕ್ಕಾ! ಬದ್ಕಿದ್ದೀಯಾ ನೀನು? ಬಸ್ ಕಂಡಕ್ಟರನ್ನ ಕೇಳ್ಕೊಂಡು ಬಂದೆ. ಒಟ್ಟೆಗೆ ಏನ್ ಮಾಡ್ತಿದ್ದೀರೋ ಅಂತ ರಾತ್ರಿಯೆಲ್ಲ ನಿದ್ದೆ ಇಲ್ಲ ನಂಗೆ!”

ಕನ್ನಿಯಮ್ಮ ಅಷ್ಟು ಹೇಳಿ ಸುತ್ತಲೂ ನೋಡಿದಳು. ಆರ್‌ಸಿಸಿ ಮನೆ ನೋಡಿದಳು. ಕೊಟ್ಟಿಗೆಯಲ್ಲಿ ಸಾಲಾಗಿ ನಿಂತ ಸೀಮೆ ಹಸುಗಳನ್ನು ನೋಡಿದಳು. ಹುಣಸೆಮರದ ಕೆಳಗೆ ನಿಂತ ಟ್ರ್ಯಾಕ್ಟರ್ ನೋಡಿದಳು.

“ಇದ್ಯಾರ ಮನೆ?”

“ನಮ್ದೇ ಕಣಮ್ಮ,” ಎಂದರು ಅತ್ತೆ, ಗೋಡೆ ಹಿಡಿದು ಹೊರಗೆ ಬರುತ್ತಾ. ಅವರ ಕಣ್ಣು ಅಕ್ಕಿ ಮೂಟೆಯ ಮೇಲಿತ್ತು. “ಅದೇನದು?”

“ನಿಮ್ಗೇ ತಂದೆ. ಅಬ್ಬಕ್ಕಾದ್ರೂ ಅನ್ನ ತಿನ್ಲಿ ಅಂತ. ದಿನಾ ಬರೀ ಮುದ್ದೆ ಅಂತೀಯಲ್ಲ, ಪಾವಂ...” ಎಂದು ತಮಿಳಿನಲ್ಲಿ ‘ಪಾಪ’ ಅನ್ನುವಷ್ಟರಲ್ಲಿ ಅವಳಿಗೆ ಜಗಲಿಯ ಮೇಲಿನ ಇನ್ನೊಂದು ಮೂಟೆ ಕಂಡಿತು. “ಅದೆಲ್ಲಿಗೆ ಓಗ್ತಿದೆ?”

“ನಿಮ್ಮನೇಗೆ,” ಎಂದ ನನ್ನ ಗಂಡ. ಹೇಳಬಾರದ ಸಮಯದಲ್ಲಿ ನಿಜ ಹೇಳುವುದು ಅವನಿಗೆ ಹುಟ್ಟಿನಿಂದ ಬಂದದ್ದು.

ಆಟೊ ಡ್ರೈವರ್ ಎರಡೂ ಮೂಟೆಗಳನ್ನು ನೋಡಿ, ಅಕ್ಕಿಯದನ್ನು ಇಳಿಸುವುದೋ ರಾಗಿಯದನ್ನು ಏರಿಸುವುದೋ ಎಂದು ತಲೆ ಕೆರೆದುಕೊಂಡ.

“ನಮ್ಮನೇಗೆ ಯಾತಕ್ಕೆ?” ಎಂದಳು ಕನ್ನಿಯಮ್ಮ. “ನಮಗೇನು ಗತಿ ಇಲ್ವಾ? ನನ್ನ ಮಗ ಬಂಗಾರಪೇಟೇಲಿ ಮಾಳಿಗೆ ಮನೆ ಕಟ್ಸಿದ್ದಾನೆ. ಕೆಳಗೂ ಬಾಡಿಗೆ, ಮೇಲೂ ಬಾಡಿಗೆ. ಲೈನು ಬಿಟ್ಟು ನಾನು ಬರಲ್ಲ ಅಂದಿದ್ದಕ್ಕೆ ಅಲ್ಲೇ ಇದ್ದೀವಿ.”

“ಮಾಳಿಗೇನಾ? ಒಂದಿನಾನೂ ಯೋಳ್ಲಿಲ್ಲ ನೀನು!”

“ನೀನು ಟ್ರಾಕ್ಟ್ರು ಇದೆ ಅಂತ ಏಳಿದ್ಯಾ? ಇಷ್ಟು ವರ್ಷ ನಿನ್ನ ಅತ್ರ ಒಂದಿನ ಚೌಕಾಸಿ ಮಾಡಿಲ್ಲ ಅಕ್ಕಾ ನಾನು. ಕೇಳಿದಷ್ಟು ಕೊಟ್ಟೆ. ಬಾಡಿದ ಸೊಪ್ಪಾದ್ರೂ ತಗೊಂಡೆ. ದೀಪಾವಳಿ ದೀಪಾವಳಿಗೂ ಸೀರೆ ಕೊಟ್ಟೆ. ಯಾತಕ್ಕೆ? ಇವಳ ಸಂಸಾರ ನಡೀಲಿ ಅಂತ!”

ಬಾಡಿದ ಸೊಪ್ಪು ಎಂಬ ಮಾತು ಅತ್ತೆಗೆ ಚೇಳು ಕುಟುಕಿದಂತಾಯಿತು. “ಬಾಡಿದ್ದಾ? ಎಳೇದೆಲ್ಲ ಆರಿಸಿ ನಿಂಗಿಕ್ತಿದ್ನಲ್ಲೇ! ಆ ನಿನ್ನ ಸೀರೆಗಳನ್ನ ನಾನುಟ್ಟಿಲ್ಲ, ಕುರಿ ಕಾಯೋ ಆಂಜಿನಪ್ಪನ ಎಂಡ್ತಿಗೆ ಕೊಟ್ಟೆ. ಬಡವಳು ಕೊಟ್ಟಿದ್ದು ಬ್ಯಾಡ ಅಂದ್ರೆ ನೊಂದ್ಕೋತಾಳೆ ಅಂತ ಈಸ್ಕೋತಿದ್ದೆ!”

“ವರ್ಷಾ ವರ್ಷಾ ನೀನು ತಂದ್ಕೊಟ್ಟ ರಾಗೀನ ನಮ್ಮನೇಲಿ ಯಾರು ತಿಂತಾರೆ? ಆಷಾಢದ ಆಡಿ ತಿಂಗಳಲ್ಲಿ ಮಾರಿಯಮ್ಮನ ಗುಡೀಲಿ ಅಂಬಲಿ ಕಾಯ್ಸಿ ಊರಿಗೆಲ್ಲ ಉಯ್ದೆ!”

ದಿವ್ಯ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಇಬ್ಬರಿಗೂ ನಗು ಬರುತ್ತಿತ್ತು, ಇಬ್ಬರಿಗೂ ನಗುವ ಧೈರ್ಯವಿರಲಿಲ್ಲ. ನಾನು ಕಾಫಿ ತರುತ್ತೇನೆಂದು ಒಳಗೆ ಹೋಗಿ ಬರುವಷ್ಟರಲ್ಲಿ ಕನ್ನಿಯಮ್ಮ ಆಟೊ ಹತ್ತಿ ಕೂತಿದ್ದಳು. “ನನ್ನ ಮುಟ್ಟಾಳ ಮಾಡಿಬಿಟ್ಟೆ ಅಕ್ಕಾ” ಎಂದಳು. ಕಣ್ಣಲ್ಲಿ ನೀರಿತ್ತು. ದಿವ್ಯ ಕೈಮುಗಿದು ಹತ್ತಿದಳು. ಅಕ್ಕಿ ಮೂಟೆ ಆಟೊದಲ್ಲೇ ವಾಪಸು ಹೋಯಿತು, ರಾಗಿ ಮೂಟೆ ಜಗಲಿಯಲ್ಲೇ ಉಳಿಯಿತು.

ಸಂಕ್ರಾಂತಿ ಸಪ್ಪೆಯಾಗಿ ಕಳೆಯಿತು. ಡಾಕ್ಟರ ಮಾತ್ರೆಯಿಂದ ಮೊಣಕಾಲಿನ ಊತ ಇಳಿಯಿತು, ಆದರೆ ಅತ್ತೆ ಮಂಕರಿಯ ತಂಟೆಗೆ ಹೋಗಲಿಲ್ಲ. ಸುಧಾಕರ್‌ಗೆ ಒಳಗೊಳಗೇ ಖುಷಿ. “ನೋಡ್ದಾ, ತಾನಾಗೇ ಬಿಟ್ಳು” ಎಂದು ನನ್ನ ಬಳಿ ಪಿಸುಗುಟ್ಟಿದ. ನನಗೆ ಮೈಯೆಲ್ಲ ಉರಿಯಿತು. ಬೈಯುವ ಅತ್ತೆಯ ಜೊತೆ ಬದುಕುವುದು ನನಗೆ ಅಭ್ಯಾಸವಾಗಿದೆ. ಸುಮ್ಮನೆ ಕೂತು ಹಸುವಿನ ಬಾಲ ನೋಡುವ ಅತ್ತೆಯ ಜೊತೆ ಬದುಕುವುದು ನನ್ನ ಕೈಲಾಗದು. ಸಾರಿಗೆ ಉಪ್ಪು ಹೆಚ್ಚಾದರೂ ಅವರು ಒಂದು ಮಾತಾಡಲಿಲ್ಲ ಎಂದರೆ ನೀವೇ ಯೋಚಿಸಿ.

ಮಾವ ಸ್ವಭಾವಕ್ಕೆ ತಕ್ಕಂತೆ ಕೆಣಕಿ ನೋಡಿದರು. “ಅಲ್ಲ ಕಣೇ, ಕೊನೆಗೆ ಯಾರ ತಾತ ಬುದ್ವಂತ ಅಂತಾಯ್ತು? ಒಳಗಿಳಿದೋನಾ, ಒರಗೆ ನಿಂತೋನಾ?”

“ಇಬ್ರೂ ಬುದ್ವಂತ್ರೆ. ಮೊಮ್ಮಕ್ಳಿಗೆ ಎಂಡ್ತೀರಾಗಿ ಬಂದೋರೇ ದಡ್ಡಮುಂಡೇವು,” ಎಂದರು ಅತ್ತೆ.

ಮಾವ ನಗಲಿಲ್ಲ. “ನೀನು ಯೋಳ್ಲಿಲ್ಲ, ಅವಳೂ ಯೋಳ್ಲಿಲ್ಲ. ಯೋಳಿದ್ರೆ ಅವಳು ನೊಂದ್ಕೋತಾಳೆ ಅಂತ ನೀನು, ನೀನು ನೊಂದ್ಕೋತೀಯ ಅಂತ ಅವಳು. ಇದ್ರಲ್ಲಿ ತಪ್ಪೇನು?” ಎಂದು ಹೇಳಿ ಡೈರಿಗೆ ಹೊರಟರು. ಆ ಮನುಷ್ಯ ವರ್ಷಕ್ಕೊಮ್ಮೆ ಒಳ್ಳೆಯ ಮಾತಾಡುತ್ತಾರೆ, ಅದನ್ನೂ ಹಾಲಿನ ಕ್ಯಾನು ಹಿಡಿದುಕೊಂಡೇ ಆಡುತ್ತಾರೆ.

ಭಾನುವಾರ ಸಂಜೆ ಅತ್ತೆ ಸೊಪ್ಪಿನ ಮಡಿಯ ಹತ್ತಿರ ನಿಂತಿದ್ದರು. ಅರಿವೆ ಕೈ ಮೀರಿ ಬೆಳೆದಿತ್ತು. ನಾನು ಹೋಗಿ ಪಕ್ಕದಲ್ಲಿ ನಿಂತೆ.

“ಮೊದ್ಲಾದ್ರೆ ಬಡವಳು ಅಂತ ಓಗ್ತಿದ್ದೆ ಸುಮಾ. ಈಗ ಏನಂತ ಓಗ್ಲಿ?”

ಅವರ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಕೇಳಿಯೇ ಇರಲಿಲ್ಲ. ನನಗೆ ಅಳು ಬಂತು, ಅಳು ಬಂದರೆ ನನಗೆ ಸಿಟ್ಟೂ ಬರುತ್ತದೆ. “ಸೊಪ್ಪು ಮಾರೋಕೆ ಅಂತ ಓಗಿ! ಸೊಪ್ಪು ಮಾರೋರು ಇನ್ನೇನಂತ ಓಗ್ತಾರೆ? ನಾನೂ ಬತ್ತೀನಿ, ಮಂಕರಿ ನಾನೊತ್ಕೋತೀನಿ” ಎಂದು ರೇಗಿದೆ.

ಸೋಮವಾರ ಮಾರ್ಕೆಟ್ಟು ಮುಗಿಸಿ ಲೈನಿಗೆ ಹೋದಾಗ ಕನ್ನಿಯಮ್ಮ ಅದೇ ಮೆಟ್ಟಿಲ ಮೇಲೆ ಕೂತಿದ್ದಳು. ನಮ್ಮನ್ನು ಕಂಡು ಎದ್ದಳು, ಮತ್ತೆ ಕೂತಳು. ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ. ನಾನು ಮಂಕರಿ ಇಳಿಸಿದೆ. ಇವತ್ತು ಇಲ್ಲಿಂದ ಸುಮ್ಮನೆ ವಾಪಸು ಹೋದರೆ ಅತ್ತೆ ಇನ್ನು ಯಾವತ್ತೂ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು.

“ಅರಿವೆ ಎಷ್ಟು?” ಎಂದಳು ಕನ್ನಿಯಮ್ಮ, ಬೇರೆಲ್ಲೋ ನೋಡುತ್ತಾ.

“ಇಪ್ಪತ್ತು.”

ಕನ್ನಿಯಮ್ಮ ಒಂದು ಕಂತೆ ಎತ್ತಿಕೊಂಡು ತಿರುಗಿಸಿ ನೋಡಿದಳು. ಬೇರಿನ ಮಣ್ಣು ಕೊಡವಿದಳು. ಒಂದೆಲೆ ಕಿತ್ತು ಬೆಳಕಿಗೆ ಹಿಡಿದಳು. ಆಮೇಲೆ ಅದನ್ನು ಮಂಕರಿಗೆ ಎಸೆದಳು.

“ಇದಕ್ಕೆ ಇಪ್ಪತ್ತಾ? ಅರ್ಧ ಮಣ್ಣೇ ಇದೆ. ಅತ್ತು ಕೊಡ್ತೀನಿ.”

ಅತ್ತೆಯ ಬೆನ್ನು ನೆಟ್ಟಗಾಯಿತು. “ಅತ್ತಾ? ಎರಡೆರಡು ಬಾಡಿಗೆ ಎಣಿಸ್ಕೊಳ್ಳೋಳು ಅತ್ತು ಅಂತಾಳೆ ನೋಡು! ನಾಚ್ಕೆ ಆಗಲ್ವಾ?”

“ಟ್ರಾಕ್ಟ್ರು ಮಡಿಕ್ಕೊಂಡು ಸೊಪ್ಪಿಗೆ ಇಪ್ಪತ್ತು ಕೇಳೋಕೆ ನಿಂಗೆ ನಾಚ್ಕೆ ಆಗಲ್ವಾ?”

“ಅದಿನೆಂಟು. ಬ್ಯಾಡಾಂದ್ರೆ ಬಿಡು, ಎತ್ತೇ ಸುಮಾ ಮಂಕರಿ!”

“ಎತ್ತು, ಎತ್ತು! ಗಾಡೀಲಿ ಬರೋನು ಇದಕ್ಕಿಂತ ಚೆನ್ನಾಗಿರೋದು ಕೊಡ್ತಾನೆ!”

ನಾನು ಮಂಕರಿ ಎತ್ತಿದೆ. ಕನ್ನಿಯಮ್ಮ ಅದರ ಅಂಚು ಹಿಡಿದು ಕೆಳಗೆ ಜಗ್ಗಿದಳು. ಅಕ್ಕಪಕ್ಕದ ಬಾಗಿಲುಗಳಲ್ಲಿ ಜನ ಬಂದು ನಿಂತರು. ಈ ತಾಯಂದಿರಿಬ್ಬರೂ ತೆಲುಗಿನಲ್ಲಿ ಒಂದು, ತಮಿಳಿನಲ್ಲಿ ಒಂದು, ಕನ್ನಡದಲ್ಲಿ ಎರಡು ಮಾತಿನಂತೆ ಒಬ್ಬರ ಮನೆತನವನ್ನೊಬ್ಬರು ಜಾಲಾಡಿದರು. ದಿವ್ಯ ಒಳಗಿನಿಂದ ಇಣುಕಿ, ನನಗೆ ಕಣ್ಣು ಮಿಟುಕಿಸಿ, ಅನ್ನಕ್ಕೆ ಇಡಲು ಒಳಗೆ ಹೋದಳು. ಕೊನೆಗೆ ಹದಿನೈದಕ್ಕೆ ಇತ್ಯರ್ಥವಾಯಿತು. ಕನ್ನಿಯಮ್ಮ ಮೇಲೊಂದು ಕಂತೆ ಕೊಸರು ಕೇಳಿದಳು. ಅತ್ತೆ ಅವಳ ಕೈಗೆ ರಪ್ಪನೆ ಹೊಡೆದರು, ಕಂತೆ ಕೊಡಲಿಲ್ಲ. ಅಷ್ಟರಲ್ಲಿ ಇಬ್ಬರೂ ಸುಸ್ತಾಗಿ ಒಂದೇ ಮೆಟ್ಟಿಲ ಮೇಲೆ ಕೂತಿದ್ದರು, ಮತ್ತು ಕನ್ನಿಯಮ್ಮ ಅತ್ತೆಯ ಮೊಣಕಾಲನ್ನು ಮೆಲ್ಲಗೆ ಅದುಮಿ ನೋಡುತ್ತಿದ್ದಳು.

ಊಟ ಮಾಡಿಕೊಂಡು ಹೊರಟಾಗ ಮಧ್ಯಾಹ್ನ ಇಳಿದಿತ್ತು. ಬಸ್ಸಿನಲ್ಲಿ ಅತ್ತೆ ಕಿಟಕಿ ಪಕ್ಕ ಕೂತರು. ಮುಖ ಕೆಂಪಾಗಿತ್ತು, ಸೆರಗು ಜಾರಿತ್ತು. ಮದುವೆಯಾಗಿ ಬಂದಾಗಿನಿಂದ ನಾನು ಅವರನ್ನು ಅಷ್ಟು ಸಂತೋಷವಾಗಿ ಕಂಡಿರಲಿಲ್ಲ, ನನಗೂ ಹೊಟ್ಟೆ ತುಂಬ ಸಂತೋಷವಾಗಿತ್ತು.

“ಎಂತಾ ಗಯ್ಯಾಳಿ ನೋಡ್ದಾ? ನನ್ನ ಅರಿವೆ ಸೊಪ್ಪಿಗೆ ಅತ್ತು ರೂಪಾಯಿ ಅಂತೆ!” ಎಂದರು. ಬಸ್ಸು ಊರು ದಾಟುವವರೆಗೂ ತಮ್ಮಷ್ಟಕ್ಕೆ ನಗುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿದರು.

“ಶುಕ್ರವಾರ ಇಪ್ಪತ್ತೈದು ಯೋಳ್ತೀನಿ. ಅದೆಂಗೆ ಇಳಿಸ್ತಾಳೋ ನೋಡೇಬಿಡ್ತೀನಿ.”