ಚಳಿ ಇಲ್ಲದ ವರ್ಷದ ಬೆಂಕಿ

"ಇಂಥಾ ಧಗಿಯೊಳಗ ಬೆಂಕಿ ಹಚ್ಚಾಕತ್ತೀಯಲ್ಲ, ತಲಿ ನೆಟ್ಟಗ ಐತೇನ ನಿಂದು?"

ಅತ್ತೆ ಗುರುಬಸವ್ವ ಬಾಗಿಲಲ್ಲೇ ನಿಂತು ಕೂಗಿದಳು. ಶಂಕ್ರೆವ್ವ ತಿರುಗಿಯೂ ನೋಡದೆ ತರಗೆಲೆಗೆ ಕಡ್ಡಿ ಗೀರಿದಳು.

"ನನಗ ಥಂಡಿ ಹತ್ತೇತ್ರಿ ಅತ್ತಿ."

ಅವಳ ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು.

ಆ ವರ್ಷ ಚಳಿ ದಾಂಡೇಲಿಯ ದಾರಿಯನ್ನೇ ಮರೆತಿತ್ತು. ಎಳ್ಳಮಾವಾಸ್ಯೆ ಕಳೆದರೂ ಸೀಸೆಯ ಕೊಬ್ಬರಿ ಎಣ್ಣೆ ಗಟ್ಟಿಯಾಗಲಿಲ್ಲ. ರಾತ್ರಿ ಹೆಪ್ಪು ಹಾಕಿದ ಮೊಸರು ಬೆಳಗಾಗುವಷ್ಟರಲ್ಲಿ ಹುಳಿ. ಕೌದಿಗಳು ಮಡಿಕೆ ಬಿಚ್ಚದೆ ಬಿದ್ದಿದ್ದವು. ಕಾಗದದ ಮಿಲ್ಲಿನಿಂದ ರಾತ್ರಿಪಾಳಿ ಮುಗಿಸಿ ಬಂದ ಗಂಡಸರು ಅಂಗಿ ಕಳಚಿ ಅಂಗಳದಲ್ಲೇ ಉರುಳುತ್ತಿದ್ದರು. ಮಿಲ್ಲಿನ ಸಾಲುಮನೆಗಳ ಚಾಳಿನವರಿಗೆಲ್ಲ ಇದು ಹಿಗ್ಗು, ಶಂಕ್ರೆವ್ವನಿಗೆ ಮಾತ್ರ ಹೊಟ್ಟೆ ಉರಿ.

ಪ್ರತಿ ಚಳಿಗಾಲದಲ್ಲೂ ಬೆಳಿಗ್ಗೆ ಚಾಳಿನ ಮುಂದೆ ಬೆಂಕಿ ಹಾಕುತ್ತಿದ್ದರು. ಕಾಡಂಚಿನ ಹಳ್ಳಿಯಿಂದ ಸೌದೆ ಮಾರಲು ಬರುತ್ತಿದ್ದ ಸಿದ್ದಿ ಹೆಂಗಸು ಅಮೀನಾ ಹೊರೆ ಇಳಿಸಿ ಅಲ್ಲಿ ಕೂರುತ್ತಿದ್ದಳು. ಬೆಂಕಿ ಕಾಯಿಸುವವರಿಗೆ ಯಾರೂ ಏಳು ಎನ್ನುವುದಿಲ್ಲ, ಸೊಸೆಗೂ, ಸೌದೆಯವಳಿಗೂ. ಧಾರವಾಡದ ಕಡೆಯಿಂದ ಮದುವೆಯಾಗಿ ಬಂದ ಶಂಕ್ರೆವ್ವನಿಗೆ ಮನಸ್ಸು ಬಿಚ್ಚಿ ಮಾತಾಡಲು ಈ ಊರಲ್ಲಿ ಇದ್ದವಳು ಅವಳೊಬ್ಬಳೇ. ಉಳಿದ ತಿಂಗಳು ಅಮೀನಾ ಹೊರೆ ಹಾಕಿ ನಡೆಯಬೇಕು, ಈಕೆ ಒಳಗೆ ರೊಟ್ಟಿ ಬಡಿಯಬೇಕು. ವರ್ಷವಿಡೀ ಕಾದ ಆ ಗಳಿಗೆಯನ್ನು ಹಾಳು ಸೆಕೆ ನುಂಗಲು ಬಂದರೆ ಬಿಟ್ಟಾಳೆಯೇ?

ಹೊರೆ ಹೊತ್ತು ಬಂದ ಅಮೀನಾ ಬೆಂಕಿ ಕಂಡು ನಿಂತುಬಿಟ್ಟಳು.

"ಅಕ್ಕಾ, ಹುಚ್ಚ ಹಿಡದೈತೇನ ನಿನಗ?"

"ಥಂಡಿ ಭಾಳ ಐತಿ. ಬಾ, ಕುಂಡ್ರ."

ಅಮೀನಾ ಹಲ್ಲು ಬಿಟ್ಟು ನಕ್ಕು ಹೊರೆ ಇಳಿಸಿದಳು. ಇಬ್ಬರೂ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಬೆಂಕಿ ಕಾಯಿಸತೊಡಗಿದರು.

ಗುರುಬಸವ್ವನಿಗೆ ಸಿಟ್ಟು ನೆತ್ತಿಗೇರಿತು. ತುಂಬಿದ ತಂಬಿಗೆ ಹಿಡಿದು ಬುಸುಗುಡುತ್ತ ಬಂದಳು.

"ಆರಸ್ತೇನಿ ನಿಮ್ಮ ಥಂಡೀನ! ಆಕಿನ್ನ ಕಳಸು, ಒಳಗ ನಡಿ!"

ನೀರು ಬೆಂಕಿಗೆ ಬೀಳುವ ಮೊದಲೇ ಶಂಕ್ರೆವ್ವ ಎದ್ದು ಎರಡೂ ಕೈಯಿಂದ ತಂಬಿಗೆ ಇಸಿದುಕೊಂಡಳು.

"ಛಲೋ ಆತ್ರಿ ಅತ್ತಿ, ನೀರಡಸಿತ್ತು."

ಗಟಗಟ ಅರ್ಧ ಕುಡಿದಳು. ಅಮೀನಾ ಅಭ್ಯಾಸದಂತೆ ಬೊಗಸೆ ಒಡ್ಡಿದಳು. ಆ ಮನೆಯಲ್ಲಿ ಅವಳಿಗೆ ನೀರೆಂದರೆ ಮೇಲಿನಿಂದ ಹೊಯ್ದದ್ದೇ. ಶಂಕ್ರೆವ್ವ ಬೊಗಸೆಯೊಳಗೆ ತಂಬಿಗೆಯನ್ನೇ ಇಟ್ಟಳು.

ಅಮೀನಾ ಒಮ್ಮೆ ಗುರುಬಸವ್ವನ ಮುಖ ನೋಡಿದಳು. ಆಮೇಲೆ ತಂಬಿಗೆ ಕಚ್ಚಿ, ತಳದವರೆಗೂ ಕುಡಿದಳು.

ಬಾಯಿ ಒರೆಸಿಕೊಂಡು, ಮಾರಲು ತಂದ ಹೊರೆಯಿಂದ ದಪ್ಪನೆಯ ಕೊರಡೊಂದನ್ನು ಎಳೆದು ಬೆಂಕಿಗೆ ಹಾಕಿದಳು.