ಐದು ಸಾಲಿನ ಆಚೆ ದೊರೆಸಾನಿ

ದೊರೆಸಾನಿ ಎಂದು ಹೆಸರಿಟ್ಟವಳು ಅಕ್ಕ. ದೊರೆಸಾನಿಯ ದರ್ಬಾರು ಸಹಿಸಿದವಳು ತಂಗಿ. ಬಾಲವನ್ನು ಪತಾಕೆಯ ಹಾಗೆ ಎತ್ತಿಕೊಂಡೇ ನಡೆಯುವ ಆ ಬೂದು ಬೆಕ್ಕು, ಅಕ್ಕ ಹೊಸ ಕೆಲಸ ಹಿಡಿದು ದೂರದ ಊರಿಗೆ ಹೋದ ದಿನದಿಂದ ತಂಗಿಯ ಒಂಟಿ ಕೋಣೆಯನ್ನೇ ಅರಮನೆ ಮಾಡಿಕೊಂಡಿತ್ತು. "ನಂಗೆ ಮನೆ ಸಿಗೋವರೆಗೂ ಇಟ್ಕೊಳ್ಳೇ, ಎರಡೇ ವಾರ" ಎಂದಿದ್ದಳು ಅಕ್ಕ. ಆ ಎರಡು ವಾರಕ್ಕೆ ಬಾಲ ಬೆಳೆದು ಬೆಳೆದು ಮಳೆಗಾಲ ಮುಗಿದು ಚಳಿ ಬಂದಿತ್ತು.

ತಂಗಿಗೆ ಬೆಕ್ಕೆಂದರೆ ಅಲರ್ಜಿ. ಹತ್ತಿರ ಸುಳಿದರೆ ಸಾಕು, ಕಣ್ಣು ಕೆಂಡ, ಮೂಗು ನಲ್ಲಿ. "ಎಲ್ಲ ನಾಟಕ. ಚಿಕ್ಕವಳಿದ್ದಾಗ ಲೆಕ್ಕದ ಪುಸ್ತಕ ಕಂಡ್ರೂ ಹೀಗೇ ಸೀನ್ತಿದ್ದೆ" ಎಂದು ಅಕ್ಕ ನಗುತ್ತಿದ್ದಳು. ಆದರೆ ತಂಗಿಯದು ಗಡಿಯಾರ ರಿಪೇರಿಯ ಕೆಲಸ. ಕಣ್ಣಿಗೆ ಪುಟ್ಟ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮುಟದ ತುದಿಯಲ್ಲಿ ಎಳ್ಳಿಗಿಂತ ಸಣ್ಣ ತಿರುಪು ಹಿಡಿದು ಕೂತಿರುವಾಗ ಒಂದು ಸೀನು ಬಂದರೆ ಮುಗಿಯಿತು, ತಿರುಪು ಯಾವ ಲೋಕಕ್ಕೋ! ಮೊನ್ನೆಯಂತೂ ಗಿರಾಕಿಯೊಬ್ಬರ ಗಡಿಯಾರದ ಚಕ್ರವೇ ಹಾರಿಹೋಯಿತು. ಅಂಗಡಿಯ ಯಜಮಾನರು ಮಂಡಿಯೂರಿ ಟಾರ್ಚು ಬಿಟ್ಟು ಹುಡುಕುತ್ತಾ ಹೇಳಿದರು: "ನೋಡಮ್ಮಾ, ಸೋಮವಾರ ನೀನೊಬ್ಬಳೇ ಬರೋದಾದ್ರೆ ಬಾ. ಸೀನನ್ನೂ ಕರ್ಕೊಂಡು ಬರೋದಾದ್ರೆ ಬೇಡ."

ಅದಕ್ಕೇ ಈ ಭಾನುವಾರ ದೊರೆಸಾನಿಯ ಸವಾರಿ ಜಾಲರಿಯ ಚೀಲದಲ್ಲಿ ವಿಮಾನ ನಿಲ್ದಾಣಕ್ಕೆ ಬಂದದ್ದು. ಬೆಕ್ಕನ್ನು ಅಕ್ಕನ ಕೈಗಿಟ್ಟು ರಾತ್ರಿಯೇ ಮರಳಬೇಕು.

"ಬೆಕ್ಕು ನಿಮ್ದಾ ಮೇಡಂ?" ಎಂದಳು ಕೌಂಟರಿನ ಹುಡುಗಿ.

"ಟಿಕೆಟ್ಟಿನ ಪ್ರಕಾರ ನಂದೇ."

"ನಿಮಗೇನಾದ್ರೂ ಅಲರ್ಜಿ ಇದ್ಯಾ?"

ಇಲ್ಲ ಎನ್ನಬಹುದಿತ್ತು. ಆದರೆ ಇಷ್ಟು ದಿನಕ್ಕೆ ಒಬ್ಬರಾದರೂ ಕೇಳಿದರಲ್ಲ ಎಂದು ಜೀವ ಕರಗಿ, "ಇದೆ. ಬೆಕ್ಕಿಂದೇ" ಎಂದುಬಿಟ್ಟಳು.

ಹುಡುಗಿಯ ನಗು ಅರ್ಧಕ್ಕೇ ನಿಂತಿತು. "ಹಾಗಾದ್ರೆ ಅಲರ್ಜಿ ಇರೋರಿಗೂ ಪ್ರಾಣಿಗೂ ಮಧ್ಯ ಐದು ಸಾಲು ಸೀಟು ಬಿಡ್ಬೇಕು ಮೇಡಂ. ನಿಯಮ."

"ಧಾರಾಳವಾಗಿ ಬಿಡಿ."

"ಆದ್ರೆ ಪ್ರಾಣಿ ಅದನ್ನ ತಂದೋರ ಕಾಲ ಹತ್ರಾನೇ ಇರ್ಬೇಕು. ಅದೂ ನಿಯಮ."

"ತಂದೋಳು ನಾನೇ ಅಲ್ವಾ?"

"ಅದೇ ಮತ್ತೆ! ನಿಮ್ಮಿಂದ ನೀವೇ ಐದು ಸಾಲು ದೂರ ಕೂರೋದು ಹೇಗೆ?"

"ಅಲರ್ಜಿ ಇಲ್ಲ ಅಂತಲೇ ಹಾಕ್ಕೊಳ್ಳಿ, ನಾನು ಹೇಳೇ ಇಲ್ಲ..." ಎನ್ನುತ್ತಿರುವಾಗಲೇ ಕೌಂಟರಿನ ಮೇಲೆ ಸೀನಿದಳು.

ಹುಡುಗಿ ಕಂಪ್ಯೂಟರಿನ ಪರದೆ ಒರೆಸಿಕೊಳ್ಳುತ್ತಾ, "ಬೇರೆ ಪ್ರಯಾಣಿಕರು ಯಾರಾದ್ರೂ ಬೆಕ್ಕಿನ ಜವಾಬ್ದಾರಿ ಹೊತ್ರೆ ಕಳಿಸ್ತೀನಿ" ಎಂದಳು.

ತಂಗಿ ಅಕ್ಕನಿಗೆ ಫೋನು ಹಚ್ಚಿ ಸಂಗತಿ ಹೇಳಿದಳು. ಅಕ್ಕ ರೇಗಿದಳು: "ಬಾಯಿ ಮುಚ್ಕೊಂಡಿರೋಕೆ ಏನಾಗಿತ್ತೇ ನಿಂಗೆ? ನಿಜ ಹೇಳೋಕೆ ಬೇರೆ ಜಾಗ ಸಿಗ್ಲಿಲ್ವಾ?"

"ನಿನ್ನ ಹತ್ರಾನೂ ಹೇಳಿದ್ದೆ ಕಣೇ. ನೀನು ನಂಬ್ಲಿಲ್ಲ, ಇವಳು ನಂಬಿಬಿಟ್ಲು!" ಎಂದು ತಂಗಿ ಫೋನು ಕುಕ್ಕಿದಳು.

ಸಾಲಿನಲ್ಲಿ ಹಿಂದೆ ನಿಂತಿದ್ದ ಕೋಟಿನ ಮನುಷ್ಯ ಗೊಣಗಿದ. "ಬೆಕ್ಕು ನಾಯಿನೆಲ್ಲ ಯಾಕ್ರೀ ತರ್ತೀರಿ? ಪಕ್ಕದಲ್ಲಿ ಕೂರೋರ ಗತಿ ಏನು?"

"ಪಕ್ಕದಲ್ಲಿ ಕೂರೋಳೂ ನಾನೇ ಸಾರ್!"

ಪಕ್ಕದ ಕೌಂಟರಿನಲ್ಲಿ ಒಬ್ಬಾಕೆ ಕೈಚೀಲದ ಜೊತೆಗೆ ದೊಡ್ಡ ಕೇಕಿನ ಡಬ್ಬವನ್ನೂ ಒಳಗೆ ಬಿಡಿ ಎಂದು ಜಗಳವಾಡಿ ಸೋತಿದ್ದಳು. ಆಕೆ ತಿರುಗಿ ನೋಡಿದಳು. "ನಿಮ್ಮ ಕೈ ಖಾಲಿ ಇದ್ಯಲ್ಲ. ಬೆಕ್ಕು ಹೇಗೂ ಕೈಚೀಲದ ಲೆಕ್ಕಕ್ಕೆ ಬರಲ್ಲ. ನನ್ನ ಕೇಕು ನೀವು ಹಿಡ್ಕೊಳ್ಳಿ, ನಿಮ್ಮ ಬೆಕ್ಕು ನಾನು. ಆದ್ರೆ ಕೇಕಿನ ಮೇಲೆ ಸೀನಿದ್ರೋ, ಬೆಕ್ಕು ವಾಪಸ್ ಸಿಗಲ್ಲ!"

ಹೀಗೆ ದೊರೆಸಾನಿ ಐದು ಸಾಲು ಹಿಂದಕ್ಕೆ ಹೋಯಿತು, ಕೇಕು ಬಂದು ತಂಗಿಯ ಕಾಲ ಬುಡದಲ್ಲಿ ಕೂತಿತು. ವಿಮಾನ ಮೋಡದ ಮೇಲೇರಿತು. ಇನ್ನಾದರೂ ನೆಮ್ಮದಿಯಾಗಿ ಉಸಿರಾಡೋಣ ಎಂದು ಕಣ್ಣು ಮುಚ್ಚಿದಳೋ ಇಲ್ಲವೋ, ಸೀನು ಬಂತು. ಅದರ ಬೆನ್ನಿಗೇ ಪಕ್ಕದ ಸೀಟಿನಿಂದ ಇನ್ನೂ ಜೋರಾದ ಸೀನು. ನೋಡಿದರೆ ಅದೇ ಕೋಟಿನ ಮನುಷ್ಯ. ಮೂಗು ಹಿಡಿದುಕೊಂಡೇ ಗಂಟೆ ಒತ್ತಿದ.

"ಬೆಕ್ಕು ಇಲ್ಲೇ ಎಲ್ಲೋ ಇದೆ ರೀ!"

"ಐದು ಸಾಲು ಹಿಂದೆ ಇದೆ ಸಾರ್" ಎಂದಳು ಗಗನಸಖಿ.

"ನನ್ನ ಮೂಗು ನಿಮ್ಮ ಸಾಲು ಎಣಿಸುತ್ತೇನ್ರೀ? ಈ ಡಬ್ಬದಲ್ಲಿ ಏನಿದೆ ಕೇಳಿ!"

"ಕೇಕು" ಎಂದು ಡಬ್ಬ ತೋರಿಸಲು ಬಗ್ಗಿದ ತಂಗಿಯ ಕಣ್ಣು ತನ್ನ ಸ್ವೆಟರಿನ ತೋಳಿನ ಮೇಲೆ ಬಿತ್ತು. ಕಿಟಕಿಯ ಬಿಸಿಲಿಗೆ ಅಲ್ಲೇನೋ ಮಿನುಗುತ್ತಿತ್ತು. ಜೇಬಿನಲ್ಲಿ ಸದಾ ಇರುವ ಭೂತಗನ್ನಡಿಯನ್ನು ಕಣ್ಣಿಗಿಟ್ಟು ನೋಡಿದಳು. ಬೂದು ಉಣ್ಣೆಯೊಳಗೆ ಬೂದು ಕೂದಲಿನ ಕಾಡೇ ಇತ್ತು. ನಿನ್ನೆಯೆಲ್ಲ ದೊರೆಸಾನಿ ಮಲಗಿದ್ದುದು ಈ ಸ್ವೆಟರಿನ ಮೇಲೆಯೇ. ಬೆಳಗಿನಿಂದ ಅಕ್ಕನನ್ನು, ನಿಯಮವನ್ನು, ಈ ಕೋಟನ್ನು ಬೈದದ್ದೇ ಬೈದದ್ದು. ಈಗ ಯಾರನ್ನು ಬೈಯುವುದು?

"ನಾನೇ ಸಾರ್" ಎಂದಳು.

"ನೀವೇ ಏನು?"

"ಬೆಕ್ಕು."

ಅವನು ಸೀನುವುದನ್ನೂ ಮರೆತು ನೋಡಿದ. ಅವಳು ತೋಳು ತೋರಿಸಿದಳು. "ಬಟ್ಟೆ ಬದ್ಲಾಯಿಸಿ ಬರೋದು ನನ್ನ ಕೆಲಸ ಆಗಿತ್ತು, ತಪ್ಪಾಯ್ತು. ಆದ್ರೆ ನಿಮಗೂ ಆಗಲ್ಲ ಅಂತ ಕೌಂಟರಲ್ಲಿ ಹೇಳಿದ್ರಾ?"

"ನಾನ್ಯಾಕೆ ಹೇಳ್ಬೇಕು? ಪ್ರಾಣಿ ತಂದೋರು ಹೇಳ್ಬೇಕು!"

"ತಂದೋಳು ಹೇಳಿದ್ದಕ್ಕೆ ಏನು ಪಾಡಾಯ್ತು ಅಂತ ನೀವೇ ನೋಡಿದ್ರಲ್ಲ. ನೀವೂ ಒಂದು ಮಾತು ಹೇಳಿದ್ರೆ ನನ್ನ ಪಕ್ಕ ಕೂರಿಸ್ತಿದ್ರಾ?"

ಗಗನಸಖಿ ಅವನಿಗೆ ಮುಂದಿನ ಸಾಲಿನಲ್ಲಿ ಖಾಲಿ ಸೀಟು ತೋರಿಸಿದಳು. ತಂಗಿಗೆ ಒಂದು ಪ್ಲಾಸ್ಟಿಕ್ ಚೀಲ ತಂದುಕೊಟ್ಟಳು. ಸ್ವೆಟರು ಅದರೊಳಗೆ ಹೋಗಿ ಗಂಟು ಬಿತ್ತು. ತೆಳ್ಳನೆಯ ಅಂಗಿಯಲ್ಲಿ ತಂಗಿ ಗಡಗಡ ನಡುಗತೊಡಗಿದಳು. ಎದ್ದು ಹೋಗುವ ಮೊದಲು ಕೋಟಿನವನು ಅವಳ ತಲೆಯ ಮೇಲಿನ ಗಾಳಿಯ ಕಿಂಡಿಯನ್ನು ಮುಚ್ಚಿದ. ಮುಖವನ್ನು ಮಾತ್ರ ಗಂಟಿಕ್ಕಿಕೊಂಡೇ ಇದ್ದ.

ಇಳಿದ ಮೇಲೆ ಕೇಕು ಕೇಕಿನಾಕೆಗೆ, ಬೆಕ್ಕು ತಂಗಿಗೆ, ಅಲ್ಲಿಂದ, ಓಡಿ ಬಂದ ಅಕ್ಕನಿಗೆ. "ನನ್ನ ದೊರೆಸಾನೀ! ಎಷ್ಟು ಸೊರಗಿಬಿಟ್ಟಿದೀಯೇ!" ಎಂದು ಚೀಲವನ್ನು ಎದೆಗೊತ್ತಿಕೊಂಡ ಮೇಲೆ ಅಕ್ಕನಿಗೆ ತಂಗಿಯ ಕೆಂಪು ಕಣ್ಣು ಕಂಡಿತು. "ಅಯ್ಯೋ, ಅಳ್ತಿದ್ಯಾ? ಇಷ್ಟೊಂದು ಹಚ್ಕೊಂಡಿದ್ಯಾ ಇವಳನ್ನ? ಬೇಜಾರು ಮಾಡ್ಕೋಬೇಡ ಕಣೇ, ಮುಂದಿನ ತಿಂಗಳು ನಾನು ಪ್ರವಾಸ ಹೋಗ್ತೀನಲ್ಲ, ಆಗ ನಿನ್ನ ಹತ್ರಾನೇ ಬಿಡ್ತೀನಿ."

ತಂಗಿ ಗಂಟು ಹಾಕಿದ ಚೀಲವನ್ನು ಅಕ್ಕನ ಕೈಗೆ ತುರುಕಿದಳು.

"ಇದನ್ನ ಒಗೆದು ಕಳಿಸು. ಒಂದು ಕೂದ್ಲೂ ಇರ್ಬಾರ್ದು."

ಅಕ್ಕ ಗಂಟು ಬಿಚ್ಚಿ ಇಣುಕಿದಳು. "ಎಲ್ಲಿದೆಯೇ ಕೂದ್ಲು? ಒಂದೂ ಕಾಣ್ಸಲ್ಲ. ಮತ್ತೆ ಶುರುವಾಯ್ತಾ ನಿನ್ನ ನಾಟಕ?"

ತಂಗಿ ಜೇಬಿನಿಂದ ಭೂತಗನ್ನಡಿ ತೆಗೆದು ಅವಳ ಕಣ್ಣಿಗೆ ತಾನೇ ಸಿಕ್ಕಿಸಿದಳು. "ಈಗ ನೋಡು."

ಅಕ್ಕ ಒಂದು ಕಣ್ಣು ಮುಚ್ಚಿ ಬಗ್ಗಿದಳು. ಬಗ್ಗಿದವಳು ಏಳಲಿಲ್ಲ. ಜಾಲರಿಯೊಳಗಿಂದ ದೊರೆಸಾನಿ ಎಷ್ಟು ಕೂಗಿದರೂ ಓಗೊಡಲಿಲ್ಲ. ಪ್ರವಾಸದ ಮಾತನ್ನೂ ಮತ್ತೆ ಎತ್ತಲಿಲ್ಲ.

"ನಿಧಾನವಾಗಿ ನೋಡು. ಆದ್ರೆ ಗಾಜು ವಾಪಸ್ ಕೊಡು" ಎಂದಳು ತಂಗಿ, ಚಳಿಗೆ ಕೈಕಟ್ಟಿಕೊಂಡು. "ನಾಳೆ ಸೋಮವಾರ, ನಂಗೆ ಕೆಲಸ ಇದೆ."